ತೂಕ

ಕಲಾಸಿಪಾಳ್ಯದ ಸಂದಿಯಲ್ಲಿ ದಸ್ತಗೀರ್
ನನ್ನ ಬೈಕನ್ನು ಬೇಕೆಂದೇ ಬೀಳಿಸಿದ.
"ಎತ್ತಿ ಮೇಡಂ," ಅಂದ ಚಹಾ ಹೀರುತ್ತ,
"ಕಛ್‌ನ ಉಪ್ಪುಬಯಲಲ್ಲಿ ನಾನಿರಲ್ಲ."

ಆಗಲಿಲ್ಲ.
ಪಕ್ಕದ ಗುಜರಿಯಿಂದ ತಕ್ಕಡಿ ತರಿಸಿದ.
ಮಡಚುವ ಕುರ್ಚಿ ಮೂರು ಕಿಲೊ, ಸ್ಟವ್ ಒಂದೂವರೆ,
ಅಕ್ಕನ ಚಕ್ಕುಲಿ ಡಬ್ಬಿ ಎರಡು.
ಚಕ್ಕುಲಿ ಅಲ್ಲೇ ಹಂಚಿದೆವು,
ಪಂಕ್ಚರ್ ಹುಡುಗನಿಗೂ, ತಕ್ಕಡಿಯವನಿಗೂ.
ಇನ್ನೊಂದು ಜೊತೆ ಬೂಟು? ಬೇಡ.
ಹಿಂದಿನ ಸೀಟಿಗೆ ಕೈ ಹಾಕಿ ಕೇಳಿದ:
"ಯಾರಾದ್ರೂ ಬರ್ತಾರಾ?"
ಯಾರೂ ಇಲ್ಲ ಎನ್ನಲು
ಐವತ್ತೊಂದರ ನನಗೆ ಸ್ವಲ್ಪ ಹೊತ್ತು ಹಿಡಿಯಿತು.
ಅದನ್ನೂ ಬಿಚ್ಚಿಟ್ಟ.

ಮತ್ತೆ ಬೀಳಿಸಿದ.
ಸೀಟಿಗೆ ಬೆನ್ನು ಕೊಟ್ಟು, ಹಿಮ್ಮಡಿ ಊರಿ,
ಹಿಂದೆ ಹಿಂದೆ ನಡೆದೆ.
ಎದ್ದು ನಿಂತಿತು ಮೊಂಡು ಕರುವಿನ ಹಾಗೆ.
ಸಂದಿಯ ಕೊನೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆದದ್ದು
ನನಗಲ್ಲ, ಗೊತ್ತು.

ಬೆಳಗಿನ ನಾಲ್ಕಕ್ಕೆ ಗೊರಗುಂಟೆಪಾಳ್ಯ.
ಲಾರಿಗಳ ನಡುವೆ ಸೊಳ್ಳೆಯಷ್ಟು ಹಗುರ ನಾನು.
ಸಿಗ್ನಲ್ಲಿನಲ್ಲಿ ಕಾಲೂರಿದರೆ
ಜಾಕೆಟ್ಟಿನ ಜೇಬಿನೊಳಗೇನೋ ಪಕ್ಕೆಗೆ ಚುಚ್ಚುತ್ತದೆ:
ಅವನ ಹತ್ತನೇ ನಂಬರ್ ಸ್ಪ್ಯಾನರ್,
ಹಿಡಿ ಸವೆದದ್ದು,
ತಕ್ಕಡಿಗೆ ಹಾಕದೆ ಇಟ್ಟದ್ದು.