ವಾಟ್ನಿ

ಇಪ್ಪತ್ತಾರು ವರ್ಷ, ಕಾರವಾರ ಕೋರ್ಟಿನ ಹಿಂದೆ
ಇದೇ ಸ್ಟೂಲು, ಇದೇ ಕಿಟಕಿ, ಮೀನುಪೇಟೆ ಕಡೆಯ ಗಾಳಿ.
ಊರವರ ಪಾಲುಪತ್ರ ಟೈಪಿಸಿ ಟೈಪಿಸಿ
ಮಣಿಕಟ್ಟೇ ಈಗ ತಕರಾರು ಅರ್ಜಿ ಹಾಕಿದೆ.
ಪ್ರತಿ ‘ಹಕ್ಕು’, ಪ್ರತಿ ‘ಸ್ವತ್ತು’, ಪ್ರತಿ ಒತ್ತಿಗೂ
ಎಡದ ತೋರುಬೆರಳೇ ದುಡಿಯಬೇಕು.

ನೋಡಿದ್ದು ಮೂರು ಕೀಬೋರ್ಡು.
ಒಂದು ಬರೀ ಬಿಲ್ಲಿನಂತೆ ಬಾಗಿತ್ತು.
ಒಂದರ ಕೀಲಿಗಳು ಬಟ್ಟಲಲ್ಲಿ ಕೂತಿದ್ದವು,
ಬೆಲೆ ಕೇಳಿ ಮುಚ್ಚಿಟ್ಟೆ.
ಕೊನೆಯದು ಎರಡು ಹೋಳು, ನಡುವೆ ಗೇಣುದ್ದ ಕರಿ ವೈರು.
ಭುಜದಗಲಕ್ಕೆ ಸರಿಸಿ ಕೂತೆ:
ಎದೆಗೂಡಿಗೆ ಜಾಗ ಸಿಕ್ಕಿತು,
ನಡುವಿನ ಖಾಲಿಯಲ್ಲಿ ಚಹಾ ಲೋಟಕ್ಕೂ.

ಇಂದು ಮಾಜಾಳಿಯ ಗುನಗಿ ಅಣ್ಣತಮ್ಮಂದಿರು.
ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಸಮುದ್ರ,
ಬಾವಿ ಮಾತ್ರ ಇಬ್ಬರಿಗೂ.
‘ಬ’ ಹೋಗಿದ್ದು ಎಡದ ಪಾಲಿಗೆ;
ರೂಢಿ ಬಿಡದ ಬಲಬೆರಳು
ಅದನ್ನರಸಿ ಬಂದು ಮೇಜಿನ ಮರ ಕುಟ್ಟಿತು.

ತಮ್ಮ ಗಟ್ಟಿಯಾಗಿ ಓದಿದ:
“ಸದರಿ ಆವಿಯ ನೀರು ಉಭಯತರಿಗೂ...”
ಅಣ್ಣನಿಗೆ ನಗು ತಡೆಯಲಿಲ್ಲ.
ಮಾತು ಬಿಟ್ಟು ಎರಡು ವರ್ಷವಂತೆ.

ತಿದ್ದಿದೆ. ಆಮೇಲೆ ಲೋಟ ಆಚೆ ಇಟ್ಟು
ಹೋಳುಗಳನ್ನು ಒಂದು ಬೆರಳಿನಷ್ಟು
ಹತ್ತಿರ ಎಳೆದುಕೊಂಡೆ.