ಕೂಗಬಾರದ ಬಯಲು

ಚಿಂಚವಾಡದ ನಮಗೆ ಭಾನುವಾರವಿಲ್ಲ,
ಕಾರ್ಖಾನೆಗಳ ಕರೆಂಟು ತೆಗೆಯುವ ಗುರುವಾರವೇ ರಜೆ.
ಹಾಗಾಗಿ ಮೇ ತಿಂಗಳ ಒಂದು ಗುರುವಾರ, ನಸುಕಿನಲ್ಲೇ
ಎರವಲು ತಂದ ಓಮ್ನಿಯಲ್ಲಿ ಐದು ಜನ:
ಇವರು, ನಾನು, ಮುಕ್ತಾ, ಅವಳ ತಮ್ಮ ಶರಣು,
ಹಿಂದಿನ ಸೀಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ,
ಅವುಗಳ ಕಾವಲಿಗೆ ಅತ್ತೆ.

ಹಡಪಸರ ದಾಟಿ, ಚೌಫುಲಾದಲ್ಲಿ ಚಹಾ ಕುಡಿದು
ಸುಪೆಯ ಅಭಯಾರಣ್ಯಕ್ಕೆ ಬಂದಾಗ ಎಂಟು ಗಂಟೆ.
ಗೇಟಿನವನು ಚೀಟಿ ಹರಿಯುತ್ತ ಮರಾಠಿಯಲ್ಲಿ ಮೂರೇ ಮಾತು ಹೇಳಿದ:
ಪ್ಲಾಸ್ಟಿಕ್ ಬಿಸಾಡಬೇಡಿ. ದಾರಿ ಬಿಡಬೇಡಿ. ಕೂಗಬೇಡಿ.

ಮೂರನೆಯದಕ್ಕೆ ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

ಇಪ್ಪತ್ತೊಂದು ವರ್ಷ ಪ್ರೆಸ್ ಶಾಪಿನ ಬಡಿತ ತಿಂದ ಕಿವಿ ಇವರದು.
ಮನೆಯಲ್ಲಿ ಉಪ್ಪಿನ ಡಬ್ಬಿ ಬೇಕಾದರೂ ಕೂಗಬೇಕು.
ಗೋಡೆಯಾಚೆ ಕುಲಕರ್ಣಿ ಬಾಯಿಗೆ
ನಮ್ಮ ಸಾಲದ ಕಂತು ಗೊತ್ತು, ಮುಕ್ತಾಳ ಗಣಿತದ ಅಂಕ ಗೊತ್ತು.
ಅವರಿಗೆ ಗೊತ್ತಾಗಬಾರದೆಂದೇ
ಎಷ್ಟೋ ಮಾತು ನನ್ನ ಬಾಯಲ್ಲೇ ಕರಗಿವೆ.

ನೋಡಿದರೆ, ಕಾಡೇ ಇಲ್ಲ.
ಕಂದು ಹುಲ್ಲು, ಕರಿಗಲ್ಲ ಚೂರು, ಅಲ್ಲೊಂದು ಇಲ್ಲೊಂದು ಜಾಲಿ,
ಮೇಲೆ ಒಗೆದು ಒಗೆದು ಬಣ್ಣ ಬಿಟ್ಟ ಆಕಾಶ.
ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ಸುತ್ತಲೂ ನೋಡಿದರು:
"ಇದನ್ನ ನೋಡಾಕ ರೊಕ್ಕಾ ಕೊಟ್ರೇನು?
ನಮ್ಮ ತವರಾಗ ಇಂಥಾದ್ದನ್ನ ದಿನಾ ಎರಡು ಸಲ ದಾಟತಿದ್ವಿ,
ಯಾರೂ ಚೀಟಿ ಹರಿಲಿಲ್ಲ."
ಹಾಗೆಂದವರೇ ಮುಂದೆ ನಡೆದರು.
ಮುಳ್ಳು ಎಲ್ಲಿ ಕೂತಿದೆಯೆಂದು
ಅವರ ಹಳೇ ಚಪ್ಪಲಿಗೆ ಗೊತ್ತಿತ್ತು, ನಮ್ಮ ಹೊಸ ಬೂಟಿಗಲ್ಲ.

ಹತ್ತಕ್ಕೆ ಬಿಸಿಲು ಹೆಗಲೇರಿ ಕೂತಿತು.
ನೀರು ಬೇಕೇ, ಬಾಟಲಿ ಎತ್ತಿ ತೋರಿಸಿದೆ.
ನಿಲ್ಲೋಣವೇ, ಅಂಗೈ.
ತಲೆಗೆರಡು ಬೆರಳಿಟ್ಟರೆ ಚಿಂಕಾರ: ಮುಕ್ತಾ ಮಾಡಿದ ಪದ.
ಮೂಗು ಹಿಡಿದರೆ ಶರಣುವಿಗೆ ಹೊಟ್ಟೆ ಸರಿ ಇಲ್ಲ.
ಇವರು ಎಲ್ಲಕ್ಕೂ ಉತ್ತರ ಕೊಟ್ಟರು.
ಬೆಳಗಿನಿಂದ ಒಂದು ಸಲವೂ "ಆಂ?" ಅನ್ನಲಿಲ್ಲ.

ನೆಲಗುಬ್ಬಿಯೊಂದು ನೆಟ್ಟಗೆ ಮೇಲೇರಿ ಹಾಡುತ್ತಿತ್ತು.
ಅದನ್ನು ಹೇಗೆ ತೋರಿಸಲಿ?
ಬೆರಳುಗಳನ್ನು ಮೇಲೆ ಮೇಲೆ ನಡುಗಿಸಿ, ತಟ್ಟನೆ ಇಳಿಸಿದೆ.
"ಹಪ್ಪಳ ಕರದಂಗ?" ಎಂದು ಪಿಸುಗುಟ್ಟಿದರು.
ಇವರ ಪಿಸುಮಾತಿಗೆ
ಹುಲ್ಲಿನೊಳಗಿಂದ ಗೌಜಲಕ್ಕಿಯೊಂದು ಬುರ್ರೆಂದು ಎದ್ದು ಹೋಯಿತು.

ಟ್ಯಾಂಕರಿನವರು ತುಂಬಿಸಿ ಹೋಗುವ ನೀರಿನ ತೊಟ್ಟಿ,
ಅದಕ್ಕೆ ದೂರದಲ್ಲಿ ಬೇವು, ಬೇವಿನಡಿ ನಾವು, ರೊಟ್ಟಿ.
ಇವರು ನನ್ನ ಮಣಿಕಟ್ಟು ಹಿಡಿದರು.
ಏನೂ ಕಾಣಲಿಲ್ಲ ನನಗೆ. ಹುಲ್ಲು. ಹುಲ್ಲಿನಾಚೆ ಹುಲ್ಲು.
ಆಮೇಲೆ ಹುಲ್ಲಿಗೆ ಕಿವಿ ಮೂಡಿತು,
ಎರಡಲ್ಲ, ಎಂಟು,
ಗಾಳಿಯಿಲ್ಲದೆ ಹೊರಳುವ ಎಲೆಗಳ ಹಾಗೆ.
ನಾಲ್ಕೂ ನಮ್ಮನ್ನೇ ಕೇಳುತ್ತಿದ್ದವು.
ಇವರು ಉಸಿರು ಹಿಡಿದು ನೋಡುತ್ತಿದ್ದರು.
ಆ ಮುಖ ನಾನು ಕಂಡಿದ್ದು ಹೆರಿಗೆ ವಾರ್ಡಿನಲ್ಲಿ, ಎರಡು ಸಲ.

ಒಂದು ಚಿಂಕಾರ ಸೀನಿತು.
ಅದು ಅವುಗಳ ಎಚ್ಚರಿಕೆಯಂತೆ; ಗೇಟಿನವನು ಆಮೇಲೆ ಹೇಳಿದ.
ಅತ್ತೆಗೆ ಅದೆಲ್ಲ ಗೊತ್ತಿಲ್ಲ, ರೂಢಿಯ ನಾಲಿಗೆ:
"ನೂರು ವರ್ಷ ಬಾಳಪಾ," ಎಂದರು.
ಬಾಳಲು ಅವು ಆಗಲೇ ಓಡಿದ್ದವು.
ಧೂಳು ಮಾತ್ರ ಸ್ವಲ್ಪ ಹೊತ್ತು ನಿಂತಿತ್ತು.

ಹಡಪಸರದ ಹಾರ್ನುಗಳು ನಮ್ಮನ್ನು ಮರಳಿ ಒಳಗೆ ಕರೆದವು.
ಮನೆಯಲ್ಲಿ ಶರಣುವಿನ ಪಾದ ಮಡಿಲಲ್ಲಿಟ್ಟುಕೊಂಡು
ಪಿನ್ನಿನಲ್ಲಿ ಮುಳ್ಳು ತೆಗೆದರು ಅತ್ತೆ, ಬೆಳಕಿಗೆ ಹಿಡಿದರು:
"ನೋಡು, ಇದು ಚೀಟಿ ಇಲ್ಲದ ಬಂದೈತಿ."

ಊಟಕ್ಕೆ ಕೂತಾಗ ಇವರು
ಎರಡು ಬೆರಳು ಉಜ್ಜಿ ತೋರಿಸಿದರು: ಉಪ್ಪು.
ಮಕ್ಕಳು ನಕ್ಕರು. ಡಬ್ಬಿ ದಾಟಿತು, ಸದ್ದಿಲ್ಲದೆ.

ರಾತ್ರಿ ಚಾದರ ಹೊದ್ದ ಮೇಲೆ, ಎಷ್ಟೋ ವರ್ಷದ ಒಂದು ಮಾತು
ಕೈಯಲ್ಲಿ ಹೇಳಿದೆ.
ದೀಪ ಆರಿಸಿದ್ದು ಮರೆತೇ ಹೋಗಿತ್ತು.
"ಆಂ?" ಎಂದರು, ಜೋರಾಗಿ.
ಗೋಡೆಯಾಚೆ ಕುಲಕರ್ಣಿ ಬಾಯಿ ಕೆಮ್ಮಿದರು.