ಪಣಂಬೂರಿನಲ್ಲಿ ಒಂದು ಉಂಗುರ

ಪಣಂಬೂರಿನ ಶೆಡ್ಡಿನಲ್ಲಿ ಕಂಟೇನರಿನ ಬಾಗಿಲು ತೆರೆದಾಗ
ಬಂದದ್ದು ಕಡಲಿನ ವಾಸನೆಯಲ್ಲ,
ಹೊಸ ಪ್ಲಾಸ್ಟಿಕ್ಕಿನದು.
ನಾನೂರು ಪೆಟ್ಟಿಗೆ. ಒಂದನ್ನು ಕೊಯ್ದೆವು:
ಗುಲಾಬಿ ಸರ, ಚಿಟ್ಟೆ ಕೂತ ಬಳೆ,
ಹೊಂಬಣ್ಣ ಬಳಿದ ಉಂಗುರ.

"ಆಟಿಕೆ ಅಲ್ಲ ಮೇಡಂ, ಇದು ಆಭರಣ" ಎಂದರು
ಬಂದರಿನ ಹಸನಬ್ಬ, ಬೆವರೊರೆಸುತ್ತ.
"ಆಟಿಕೆ ಅಂತ ಬರೆದರೆ ಸುಂಕದಲ್ಲೇ ಮುಳುಗಿದೆ ನಾನು.
ಎಪ್ಪತ್ತೊಂದು ಹದಿನೇಳು ಅಂತ ಹಾಕಿ ಮಾರಾಯ್ರೆ."

ಎಪ್ಪತ್ತೊಂದು ಹದಿನೇಳು, ನಕಲಿ ಆಭರಣ.
ತೊಂಬತ್ತೈದು ಸೊನ್ನೆ ಮೂರು, ಆಟದ ಸಾಮಾನು.
ನಡುವೆ ಕೂತವಳು ನಾನು,
ಕಾರ್ಕಳದ ಅಕ್ಕಸಾಲಿ ಮಂಜಯ್ಯ ಆಚಾರಿಯ ಮಗಳು.

ಅಪ್ಪನಿಗೆ ಸುಲಭ ಇತ್ತು.
ಒರೆಗಲ್ಲಿಗೆ ಉಜ್ಜಿ, ಒಂದು ಹನಿ ಆ್ಯಸಿಡ್ ಬಿಟ್ಟು,
ಗೆರೆ ಉಳಿದರೆ ಚಿನ್ನ.
ಉಳಿಯದಿದ್ದರೆ, ಎದುರು ಕೂತವಳ ಮುಖ ನೋಡದೆ
"ಸ್ವಲ್ಪ ತಾಮ್ರ ಜಾಸ್ತಿ ಉಂಟಮ್ಮ" ಎನ್ನುತ್ತಿದ್ದರು.
ಕಲ್ಲು ಕೇಳುತ್ತಿದ್ದುದು ಎಷ್ಟು ಎಂದು ಮಾತ್ರ.
ಈ ಪುಸ್ತಕ ಕೇಳುತ್ತದೆ, ತೊಡುವುದು ಯಾರು, ಯಾಕೆ,
ಚಂದಕ್ಕೋ, ಆಟಕ್ಕೋ.
ಆರು ವರ್ಷದವಳನ್ನು ಕೇಳಿದರೆ
ಎರಡೂ ಬೇರೆಯಾ ಎಂದಾಳು.

ಅಳತೆ ನೋಡುವ ಎಂದು ಕಿರುಬೆರಳಿಗೆ ಏರಿಸಿದೆ.
ಏರಿತು.
ಇಳಿಯಲಿಲ್ಲ.
"ನೋಡಿ, ನೀವೇ ತೊಟ್ಟಿರಿ! ಆಭರಣವೇ!"
ಹಸನಬ್ಬರ ನಗುವಿಗೆ
ಸೀಲು ಹಿಡಿದು ನಿಂತ ಲೋಕಯ್ಯನೂ ನಕ್ಕ.
ಕ್ಯಾಂಟೀನಿನಿಂದ ತೆಂಗಿನೆಣ್ಣೆ ಬಂತು.

ಐದೂವರೆಗೆ ಬರೆದೆ, ಆಟಿಕೆ.
ಹಸನಬ್ಬ ಮೇಲ್ಮನವಿಗೆ ಹೋಗುತ್ತಾರಂತೆ. ಹೋಗಲಿ.
ಮಾದರಿಯ ಲಕೋಟೆಗೆ ಅರಗು ಹಾಕುವಾಗ ಕಂಡೆ,
ಕಿರುಬೆರಳ ಬುಡದಲ್ಲಿ ಸುತ್ತಲೂ
ಹಳದಿಯ ಸಣ್ಣ ಗೆರೆ.
ಎಣ್ಣೆಗೂ ಹೋಗಿಲ್ಲ.